ಹನ್ನೆರಡು ಹಾಸಿಗೆ

ಹೊಳೆಯ ದಂಡೆಯ ಆಶ್ರಮದಲ್ಲಿ ಒಬ್ಬ ಗುರು ಇದ್ದರು. ವ್ಯಾಪಾರಕ್ಕೆ ಇಳಿಯಬೇಕೆಂದಿರುವ ಹುಡುಗರು ಅವರಲ್ಲಿ ಪಾಠ ಕಲಿಯುತ್ತಿದ್ದರು.

ಒಂದು ಮಧ್ಯಾಹ್ನ ಹಳೆಯ ಶಿಷ್ಯ ಮುರಿಗೆಪ್ಪ ಬಂದ. ಹೊಳೆಯ ಮೇಲ್ಭಾಗದಲ್ಲಿ ಅವನದೊಂದು ಬಣ್ಣದ ಕಾರ್ಖಾನೆ ಇತ್ತು.

ಗುರು ತಾವೇ ಎದ್ದು ಬೆಲ್ಲ, ನೀರು ತಂದಿಟ್ಟರು. ಕೈ ನಡುಗಿ ಚೊಂಬಿನ ನೀರು ತುಳುಕಿತು.

"ವಯಸ್ಸಾಯಿತು, ಗುರುಗಳೇ. ನೀವು ಯಾಕೆ ಏಳಬೇಕು? ಈ ಹುಡುಗರು ಏನು ಮಾಡುತ್ತಾರೆ?"

"ಲಾಭ ಮಾಡುವುದು ಹೇಗೆಂದು ಕಲಿಯುತ್ತಾರೆ. ನೀರು ಕೊಡಲು ಪುರುಸೊತ್ತಿಲ್ಲ."

ಹುಡುಗರು ನಕ್ಕರು. ಮುರಿಗೆಪ್ಪನೂ ನಕ್ಕು ಬೆಲ್ಲ ಬಾಯಿಗೆ ಹಾಕಿಕೊಂಡ.

"ಕೆಳಗಿನ ಊರಿನಲ್ಲಿ ಆಸ್ಪತ್ರೆ ಕಟ್ಟಿಸಿದ್ದೇನೆ. ಎಲ್ಲರಿಗೂ ಪುಕ್ಕಟೆ. ಅದಕ್ಕೆ ನಿಮ್ಮ ಹೆಸರಿಡಬೇಕು."

"ನಿನ್ನ ಹೆಸರೇ ಇಡಬಹುದಲ್ಲ, ಸಾಹುಕಾರ."

ಮುರಿಗೆಪ್ಪ ದನಿ ತಗ್ಗಿಸಿದ. "ನನ್ನ ಹೆಸರು ಕಂಡರೆ ಆ ಜನ ಕಲ್ಲು ಹೊಡೆಯುತ್ತಾರೆ. ಕಾರ್ಖಾನೆ ಮುಚ್ಚಿಸುತ್ತೇವೆ ಅಂತ ಬಾಗಿಲಲ್ಲೇ ಕೂತಿದ್ದಾರೆ. ನಿಮ್ಮ ಹೆಸರಿದ್ದರೆ ಸುಮ್ಮನಾಗುತ್ತಾರೆ."

ಸಂಗಣ್ಣನೆಂಬ ಹುಡುಗನಿಗೆ ತಡೆಯಲಾಗಲಿಲ್ಲ. "ಗುರುಗಳೇ, ಒಳ್ಳೆಯ ವರ್ತಕ ಯಾರು ಅಂತ ನಿನ್ನೆ ಕೇಳಿದಿರಲ್ಲ. ಈ ಅಣ್ಣನೇ ಉತ್ತರ."

"ಇವನನ್ನೂ ಅದನ್ನೇ ಕೇಳಿದ್ದೆ," ಎಂದರು ಗುರು. "ಲಾಭದಲ್ಲಿ ಒಂದು ಪಾಲು ಊರಿಗೆ ಕೊಡುವವನು ಅಂದ. ನಾನು ತಲೆದೂಗಿದೆ."

ಆಮೇಲೆ ಮುರಿಗೆಪ್ಪನ ಕಡೆ ತಿರುಗಿ ಕೇಳಿದರು: "ಎಷ್ಟು ಹಾಸಿಗೆ?"

"ಹನ್ನೆರಡು."

"ಹನ್ನೆರಡೇ ಯಾಕೆ?"

"ಮನೆಮನೆಗೆ ಜನರನ್ನು ಕಳಿಸಿ ವಿಚಾರಿಸಿದೆ. ಸದ್ಯಕ್ಕೆ ಮೇಲೇಳಲಾರದವರು ಅಷ್ಟೇ ಮಂದಿ."

"ಮುಂದಿನ ವರ್ಷ?"

"ಹದಿನೆಂಟು ಆಗಬಹುದು. ಹಿಂದುಗಡೆ ಜಾಗ ಬಿಟ್ಟಿದ್ದೇನೆ."

ಸಂಗಣ್ಣ ಅದನ್ನು ಬರೆದುಕೊಂಡ.

"ಕಾರ್ಖಾನೆಯ ಕೊಳೆ ನೀರು ಹೊಳೆಗೆ ಬಿಡುವುದನ್ನು ನಿಲ್ಲಿಸಿದರೆ?" ಎಂದರು ಗುರು.

"ಮುನ್ನೂರು ಜನ ನನ್ನಲ್ಲಿ ದುಡಿಯುತ್ತಾರೆ, ಅವರೆಲ್ಲಿಗೆ ಹೋಗಬೇಕು? ಕಾರ್ಖಾನೆ ನಿಂತರೆ ಆಸ್ಪತ್ರೆ ನಡೆಸುವುದಾದರೂ ಹೇಗೆ?" ಮುರಿಗೆಪ್ಪ ಹೊಳೆಯ ಕಡೆ ಕೈ ತೋರಿಸಿದ. "ನೀವೇ ನೋಡಿ, ಬಣ್ಣ ಕಾಣುವುದಿಲ್ಲ. ಅದನ್ನು ತೆಗೆಯಲು ಯಂತ್ರ ಹಾಕಿಸಿದ್ದೇನೆ."

"ಯಂತ್ರ ಏನೇನು ತೆಗೆಯುತ್ತದೆ?"

"ಬಣ್ಣ."

"ಬಣ್ಣ ಮಾತ್ರವೇ?"

ಮುರಿಗೆಪ್ಪ ಹೊಳೆಯ ಕಡೆ ಚಾಚಿದ್ದ ಕೈ ಇಳಿಸಿದ.

"ಆ ಜನಕ್ಕೆ ರೋಗ ಹೇಗೆ ಶುರುವಾಗುತ್ತದೆ?"

"ಮೊದಲು ಕೈ ನಡುಗುತ್ತದೆ. ಆಮೇಲೆ..."

ಅವನ ಕಣ್ಣು ಗುರುಗಳ ಕೈಯ ಮೇಲಿತ್ತು.

"ನೀನು ಬೆಲ್ಲ ತಿಂದೆ," ಎಂದರು ಗುರು. "ನೀರು ಮುಟ್ಟಲಿಲ್ಲ."

"ಬಾಯಾರಿಕೆ ಇಲ್ಲ, ಗುರುಗಳೇ."

"ಇಂಥ ಬಿಸಿಲಲ್ಲಿ ಬಂದವನಿಗೆ?"

ಗುರು ಚೊಂಬು ಎತ್ತಿ ಬಾಯಿಯ ಹತ್ತಿರ ತಂದರು. ಮುರಿಗೆಪ್ಪ ಥಟ್ಟನೆ ಅವರ ಕೈ ಹಿಡಿದ.

"ಬೇಡ! ಅದು ಹೊಳೆ ನೀರು."

"ನಮಗೆ ಬೇರೆ ನೀರೆಲ್ಲಿದೆ?"

ಯಾರೂ ನಗಲಿಲ್ಲ. ಸಂಗಣ್ಣ ತನ್ನ ಪಕ್ಕದಲ್ಲಿದ್ದ ಖಾಲಿ ಲೋಟ ನೋಡಿದ.

ಗುರು ಕೈ ಬಿಡಿಸಿಕೊಂಡರು. ನಿಧಾನವಾಗಿ, ಪೂರ್ತಿ ಕುಡಿದರು. ಚೊಂಬು ಕೆಳಗಿಡುವಾಗ ಅದು ನೆಲಕ್ಕೆ ಎರಡು ಸಲ ತಾಗಿ ಸದ್ದು ಮಾಡಿತು.

"ನನ್ನ ಹೆಸರು ಬೇಡ, ಮುರಿಗೆಪ್ಪ. ನನಗೊಂದು ಹಾಸಿಗೆ ಇಡು."