ಗೋಡೆಯಾಚೆಯ ಎಣ್ಣೆ

"ಗುರುಗಳೇ, ನಿಮ್ಮ ಮಂಡಿನೋವಿಗೆ ನಾನೂ ಎಣ್ಣೆ ತಿಕ್ಕುತ್ತೇನೆ, ಮೊನ್ನೆ ಮೊನ್ನೆ ಮಠಕ್ಕೆ ಬಂದ ಕರಿಬಸಯ್ಯನೂ ತಿಕ್ಕುತ್ತಾನೆ. ಬಟ್ಟಲು ಅದೇ, ಎಣ್ಣೆ ಅದೇ. ಅವನು ತಿಕ್ಕಿದರೆ ಎದ್ದು ಅಂಗಳ ಸುತ್ತಿ ಬರುತ್ತೀರಿ. ನಾನು ತಿಕ್ಕಿದರೆ 'ಸಾಕು ಬಿಡಪ್ಪ' ಎನ್ನುತ್ತೀರಿ. ನನ್ನ ಸೇವೆಯಲ್ಲಿ ಏನು ಕೊರತೆ?" ಎಂದು ಹಿರಿಯ ಶಿಷ್ಯ ಮುರಿಗೆಯ್ಯ ಕೇಳಿದ.

ಗುರುಗಳು ನಕ್ಕು ಕತೆ ಹೇಳಿದರು.

ಒಬ್ಬ ಕುರಿಗಾಹಿಗೆ ಒಂದು ನಾಯಿಯಿತ್ತು. ಹರೆಯದಲ್ಲಿ ಅದು ಒಮ್ಮೆ ಬೊಗಳಿದರೆ ಪಕ್ಕದ ಸೀಮೆಯ ತೋಳಗಳು ತಮ್ಮ ಮರಿಗಳನ್ನು ಕಚ್ಚಿಕೊಂಡು ಗುಳೆ ಹೋಗುತ್ತಿದ್ದವು. ಹಾಗೆಂದು ಕುರಿಗಾಹಿಯೇ ಹೇಳುತ್ತಿದ್ದ, ತೋಳಗಳೇನೂ ಅಲ್ಲವೆಂದಿರಲಿಲ್ಲ. ಈಗ ಅದಕ್ಕೆ ಮುಪ್ಪು. ಕೀಲು ಹಿಡಿದುಕೊಂಡು, ಮಲಗಿದರೆ ಏಳಲಾರದು, ಎದ್ದರೆ ಕುಂಟದೆ ನಡೆಯಲಾರದು. ಮಳೆಗಾಲ ಕಳೆದೊಡನೆ ಹಿಂಡು ದೂರದ ಬಯಲಿಗೆ ಹೊರಡಬೇಕು. ನಡೆಯಲಾರದ ನಾಯಿ ಊರಲ್ಲೇ ಉಳಿಯಬೇಕು. ಆ ನಾಯಿಯಿಲ್ಲದೆ ಕುರಿಗಾಹಿ ಯಾವ ದಾರಿಯನ್ನೂ ನಡೆದವನಲ್ಲ.

ಪಕ್ಕದ ಮನೆಯವನೂ ಕುರಿಗಾಹಿಯೇ. ಅವನ ನಾಯಿ ಇದರ ಒಡಹುಟ್ಟು, ಒಂದೇ ಸೂಲಿನದು. ಅದೂ ಕುಂಟುತ್ತಿತ್ತು. ಅದು ಕುಂಟುತ್ತಿದ್ದಷ್ಟು ದಿನ ನಮ್ಮ ಕುರಿಗಾಹಿಯ ದುಃಖ ಅರ್ಧಕ್ಕರ್ಧ ಕಡಿಮೆಯಿತ್ತು. ಒಂದು ಬೆಳಗ್ಗೆ ಅದು ಕೋಳಿಯ ಹಿಂದೆ ಓಡಿತು. ಅಂದಿನಿಂದ ಇವನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ.

ಗೋಡೆಯ ಮೇಲಿಂದ ಇಣುಕಿದ. ನೆರೆಯವನು ಲಕ್ಕಿಸೊಪ್ಪು ಹಾಕಿ ಕಾಯಿಸಿದ ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿ ನಾಯಿಯ ಹಿಂದಿನ ಎಡಗಾಲಿಗೆ ತಿಕ್ಕುತ್ತಿದ್ದ. ಮೇಲೆ ಮರಳಿನ ಗಂಟಿನ ಶಾಖ. ಮಲಗಲು ಮಡಿಸಿದ ಕಂಬಳಿ. ಕುಡಿಯುವ ಅಂಬಲಿಗೆ ಚಿಟಿಕೆ ಅರಿಸಿನ.

"ಇಷ್ಟೇ ತಾನೆ? ಇದರ ಅಪ್ಪನಂಥದ್ದನ್ನು ನಾನು ಮಾಡುತ್ತೇನೆ" ಎಂದುಕೊಂಡ.

ಅವನದು ಬಟ್ಟಲೆಣ್ಣೆಯಾದರೆ ಇವನದು ಗಡಿಗೆಯೆಣ್ಣೆ. ಅವನು ಹಳೆಯ ಕಂಬಳಿ ಹಾಸಿದ್ದರೆ ಇವನು ತಾನು ಹೊದೆಯುವ ಹೊಸ ಕಂಬಳಿಯನ್ನೇ ಹಾಸಿ ತಾನು ಚಳಿಯಲ್ಲಿ ನಡುಗಿದ. ಲಕ್ಕಿಸೊಪ್ಪು ತರಿದ ಭರಕ್ಕೆ ಗುಡ್ಡವೇ ಬೋಳಾಯಿತು. ಗೋಡೆಗೆ ಒತ್ತಿಕೊಂಡೇ ಕೂತು, ಅವನು ತಿಕ್ಕಿದಾಗ ತಾನೂ ತಿಕ್ಕಿದ. ಅವನು ನಿಲ್ಲಿಸಿದ ಮೇಲೂ ತಿಕ್ಕಿದ. ಕೈ ನಾಯಿಯ ಮೇಲೆ, ಕಣ್ಣು ಗೋಡೆಯಾಚೆ. ನಾಯಿ ಕುಂಯ್‌ಗುಟ್ಟುತ್ತ ಆಗಾಗ ಇನ್ನೊಂದು ಕಾಲನ್ನು ಅವನ ತೊಡೆಗೆ ಚಾಚುತ್ತಿತ್ತು. "ತೆಗಿ ಆಚೆ. ಅಲ್ಲಿ ನಿನ್ನ ತಮ್ಮನನ್ನು ನೋಡಿ ಕಲಿ, ಎಷ್ಟು ಸುಮ್ಮನಿದ್ದಾನೆ" ಎಂದು ಇವನು ಅದನ್ನು ತಳ್ಳುತ್ತಿದ್ದ.

ಹಿಂಡು ಹೊರಡುವ ದಿನ ಬಂತು. ನೆರೆಯವನ ನಾಯಿ ಕುರಿಗಳ ಮುಂದೆ ಓಡಿತು. ಇವನ ನಾಯಿ ಬಾಗಿಲು ದಾಟಿ ಕುಸಿದು ಕೂತಿತು. ಇವನು ಹೋಗಿ ನೆರೆಯವನ ರಟ್ಟೆ ಹಿಡಿದ.

"ನಿನ್ನ ಎಣ್ಣೆಗೆ ಇನ್ನೇನೋ ಬೆರೆಸಿದ್ದೀಯ. ನನ್ನಿಂದ ಮುಚ್ಚಿಟ್ಟೆ."

ನೆರೆಯವನು ಬಗ್ಗಿ ನಾಯಿಯನ್ನು ಮುಟ್ಟಿ ನೋಡಿದ. "ಮುಚ್ಚಿಡುವುದೇನು ಬಂತು, ಅಣ್ಣಾ? ನನ್ನ ನಾಯಿಗೆ ಎಡಗಾಲು ನೋಯುತ್ತಿತ್ತು, ಎಡಗಾಲು ತಿಕ್ಕಿದೆ. ನಿನ್ನದಕ್ಕೆ ನೋವಿರುವುದು ಬಲಗಾಲಲ್ಲಿ. ಕೀಲು ಊದಿರುವುದು ಕಾಣಲಿಲ್ಲವೇ?"

ಎಣ್ಣೆ ಕುಡಿದ ಎಡಗಾಲು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಕುರಿಗಾಹಿ ಹಿಂಡಿನ ಹಿಂದೆ ಒಬ್ಬನೇ ಹೋದ. ನಾಯಿ ದಾರಿ ನೋಡುತ್ತ ಅಲ್ಲೇ ಕೂತಿತು.

ಕತೆ ಕೇಳಿ ಮುರಿಗೆಯ್ಯ ತಲೆಯಾಡಿಸಿದ. "ಎಂಥ ದಡ್ಡ, ಗುರುಗಳೇ. ನೋಯುವ ಕಾಲು ಯಾವುದೆಂದು ಒಮ್ಮೆ ನೋಡಬಾರದಿತ್ತೇ?"

ಗುರುಗಳು ತಮ್ಮ ಎರಡೂ ಕಾಲುಗಳನ್ನು ಅವನ ಮುಂದೆ ಚಾಚಿದರು.

"ನನಗೆ ನೋಯುವುದು ಯಾವ ಮಂಡಿ, ಮುರಿಗೆಯ್ಯ?"