ತಾಯಿ ಕಡೆಯ ತಟ್ಟೆ

ಇಲಿಯೊಂದರ ಶ್ವಾಸಕೋಶದಲ್ಲಿ ಒಂದು ಜೀವಕೋಶ ವಾಸವಾಗಿತ್ತು. ಪ್ರತಿ ಕೋಶವೂ ತನ್ನ ಮೈಯೆಂಬ ಮನೆಯೊಳಗೆ ಏನಿದೆಯೋ ಅದರ ಚೂರನ್ನು ತಟ್ಟೆಯಲ್ಲಿಟ್ಟು ಬಾಗಿಲಲ್ಲಿ ತೋರಿಸುವುದು ಅಲ್ಲಿನ ಪದ್ಧತಿ. ಕಾವಲುಗಾರ, ಅಂದರೆ ಟಿ ಕಣವೆಂಬ ಬಿಳಿ ರಕ್ತಕಣ, ಒಳಗೆ ಕಾಲಿಡುತ್ತಿರಲಿಲ್ಲ, ತಟ್ಟೆ ನೋಡಿಯೇ ಮುಂದೆ ಹೋಗುತ್ತಿದ್ದ. ಕೋಶದ ಬಳಿ ಎರಡು ತಟ್ಟೆಗಳಿದ್ದವು. ಒಂದು ಇಲಿಯ ತಂದೆ ಕಡೆಯಿಂದ ಬಂದದ್ದು, ಇನ್ನೊಂದು ತಾಯಿ ಕಡೆಯದು.

ಒಂದು ದಿನ ವೈರಸ್ ಮನೆಗೆ ನುಗ್ಗಿತು. ಕೋಶ ಅದರ ಟೋಪಿಯ ಚೂರು ಕಿತ್ತು ತಂದೆಯ ತಟ್ಟೆಗಿಟ್ಟಿತು. ಚೂರು ತಟ್ಟೆಯ ಗುಳಿಯಲ್ಲಿ ಕೂರದೆ ಜಾರಿತು.

"ಆ ತಟ್ಟೆಗೆ ಕೂರದ ಟೋಪಿಯನ್ನೇ ಹಾಕಿಕೊಂಡು ಬಂದಿದ್ದೇನೆ. ಅಂಥ ತಟ್ಟೆ ಮಾತ್ರ ಇದ್ದ ಈ ಇಲಿಯ ದೊಡ್ಡಪ್ಪ ಸತ್ತದ್ದೂ ಹೀಗೆಯೇ," ಎಂದಿತು ವೈರಸ್.

"ತಾಯಿಯ ತಟ್ಟೆಯ ಗುಳಿ ಬೇರೆ," ಎಂದು ಕೋಶ ವೈರಸ್ಸಿನ ಹಿಮ್ಮಡಿಯ ಚೂರು ಕಿತ್ತು ಅದರಲ್ಲಿಟ್ಟಿತು. ಅದು ಸರಿಯಾಗಿ ಕೂತಿತು.

ವೈರಸ್ಸಿನ ದನಿ ಇಳಿಯಿತು. "ಹೊರಗೆ ತೋರಿಸಿದರೆ ಆ ಕಾವಲುಗಾರ ನನ್ನ ಜೊತೆ ನಿನ್ನನ್ನೂ ಕೊಲ್ಲುತ್ತಾನೆ. ಮುಚ್ಚಿಡು, ಇಬ್ಬರೂ ಬದುಕೋಣ."

"ನಿನ್ನ ಸಂತಾನ ಪಕ್ಕದ ಮನೆಗೆ ನುಗ್ಗುವ ತನಕ ಬದುಕಬಹುದು. ಆಮೇಲೆ ಇಲಿಯೇ ಇರುವುದಿಲ್ಲ."

ಕೋಶ ತಟ್ಟೆಯನ್ನು ಬಾಗಿಲಿಗೆ ತಂದಿತು. ಕಾವಲುಗಾರ ನಿಂತು ನೋಡಿದ. "ತಟ್ಟೆ ನಮ್ಮದು, ಚೂರು ನಮ್ಮದಲ್ಲ. ನಾನೇನು ಮಾಡಬೇಕೆಂದು ನಿನಗೆ ಗೊತ್ತಿದೆಯಲ್ಲವೇ?"

"ಗೊತ್ತಿದ್ದೇ ತಂದಿದ್ದೇನೆ. ಅದು ಒಳಗೇ ಇದೆ, ತಡಮಾಡಬೇಡಿ."

ಸ್ವಲ್ಪ ಹೊತ್ತಿನಲ್ಲಿ ಇಲಿ ಒಮ್ಮೆ ಸೀನಿತು. ಮೂಗು ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಕಾಳು ಹುಡುಕಲು ಹೊರಟಿತು.