ಮೇಲಿನವರಿಗೆ ಕೂಗಿದ ಕಪ್ಪೆ

ಲೋಕಕ್ಕಿನ್ನೂ ಹೊಸತರ ವಾಸನೆಯಿದ್ದ ಕಾಲ. ಗಾಳಿ, ಮೋಡ, ಎಲ್ಲವೂ ಕೇಳಿದವರಿಗೆ ಉತ್ತರ ಕೊಡುತ್ತಿದ್ದವು. ಕಪ್ಪೆಗೆ ಮಾತ್ರ ಪಿಸುಗುಡುವಷ್ಟೇ ದನಿ.

ದೂರದ ದ್ವೀಪವೊಂದರಲ್ಲಿ ರೋಮ್ ನಗರದ ದೊರೆಗಳು ಕಟ್ಟಿಸಿದ ಒಂದು ಪಟ್ಟಣವಿತ್ತು. ಬೆಟ್ಟದ ನೀರು ಕಲ್ಲಿನ ಕಮಾನುಗಳ ಮೇಲಿನ ಕಾಲುವೆಯಲ್ಲಿ ಹರಿದು ಬಂದು ಪಟ್ಟಣದ ಕೊಳಕ್ಕೆ ಧುಮುಕುತ್ತಿತ್ತು. ತಾನಾಗಿಯೇ ಬರುತ್ತಿತ್ತು, ಯಾರೂ ಕರೆಯಬೇಕಿರಲಿಲ್ಲ. ಆ ಕೊಳದಲ್ಲಿ ತೇವಪ್ಪ ಎಂಬ ಕಪ್ಪೆ ಹಾಯಾಗಿದ್ದ.

ಒಂದು ಚಳಿಗಾಲ ದೊರೆಗಳು ಹಡಗು ಹತ್ತಿ ಹೋದರು. ಸಿಪಾಯಿಗಳು ಹೋದರು. ಕಮಾನು ಕಟ್ಟಬಲ್ಲ ಮೇಸ್ತ್ರಿಗಳೂ ಹೋದರು. ಉಳಿದ ಜನ, ಹೋದವರು ನಾಳೆ ಬರುತ್ತಾರೆ ಎಂದುಕೊಂಡರು.

ಯಾರೂ ಬರಲಿಲ್ಲ. ರಸ್ತೆಯಲ್ಲಿ ಹುಲ್ಲು ಬಂತು. ಸ್ನಾನದ ಮನೆಯ ಸೂರು ಕುಸಿಯಿತು. ಬೇಸಿಗೆಯಲ್ಲಿ ಒಂದು ಕಮಾನು ದಡಾರನೆ ಬಿತ್ತು. ನೀರು ನಿಂತೇಹೋಯಿತು.

ತೇವಪ್ಪ ಇಳಿಯುತ್ತಿದ್ದ ನೀರನ್ನು ನೋಡಿದ. ಕೊಳದಲ್ಲಿ ಅವನ ಮರಿಗಳಿದ್ದವು. ಇನ್ನೂ ಬಾಲದ ಮರಿಗಳು, ಕಾಲು ಮೂಡಿರಲಿಲ್ಲ. ನೀರು ಬತ್ತಿದರೆ ಎಲ್ಲಿಗೆ ಹೋದಾವು?

ಸೆನೊವಾರ ಎಂಬ ಹೆಂಗಸು ಕೊಳದ ಕಟ್ಟೆಯ ಕಲ್ಲು ಕಿತ್ತು ಹಂದಿಗೂಡು ಕಟ್ಟುತ್ತಿದ್ದಳು. ತೇವಪ್ಪ ಅವಳ ಬಳಿ ಹೋದ.

"ಅಕ್ಕಾ, ಕಾಲುವೆ ಒಡೆದಿದೆ."

"ನನಗೇನು ಕಣ್ಣಿಲ್ವಾ? ಕಮಾನು ಕಟ್ಟೋದು ಇಲ್ಲಿ ಯಾರಿಗೆ ಗೊತ್ತು? ನಮ್ಮ ಯಜಮಾನ್ರು ನಿನ್ನೆ ಒಂದೇ ಒಂದು ಕಲ್ಲಿಟ್ರು. ಅದು ಅವರ ಕಾಲ ಮೇಲೇ ಬಿತ್ತು."

"ಹಾಗಾದ್ರೆ ಏನು ಮಾಡೋದು?"

"ಮೇಲಿನವರಿಗೆ ಹೇಳ್ಬೇಕಪ್ಪ. ಯಾವಾಗ್ಲೂ ಮೇಲಿನವರೇ ನೋಡ್ಕೊಳ್ತಿದ್ರು."

ಅವಳು ಹೇಳಿದ್ದು ಹಡಗು ಹತ್ತಿದ ಅಧಿಕಾರಿಗಳನ್ನು. ಪಾಪ, ತೇವಪ್ಪನಿಗೇನು ಗೊತ್ತು? ಕತ್ತೆತ್ತಿ ಮೇಲೆ ನೋಡಿದ. ದಪ್ಪನೆಯ ಮೋಡವೊಂದು ಎತ್ತಲೋ ಹೊರಟಿತ್ತು.

"ಓ, ಇವರೇ ಇರಬೇಕು!" ಎಂದುಕೊಂಡು, ನೀರು ಬೇಕೆಂದು ಪಿಸುಗುಟ್ಟಿದ. ಮೋಡ ತಿರುಗಿಯೂ ನೋಡಲಿಲ್ಲ.

ಗಾಳಿ ನಕ್ಕಿತು. "ಆ ಮೋಡದ ಮುದುಕಿಗೆ ಕಿವಿ ಮಂದ ಕಣೋ. ನಿನ್ನ ಪಿಸಪಿಸ ಪಕ್ಕದಲ್ಲಿರೋ ನನಗೇ ಕೇಳಿಸಲ್ಲ!"

"ಹಾಗಿದ್ರೆ ನೀನೇ ಒಂಚೂರು ಒಳಗೆ ಬಾ," ಎಂದ ತೇವಪ್ಪ. ಗಾಳಿಯನ್ನು ಗಟಗಟನೆ ನುಂಗಿದ. ಗಂಟಲು ಉಬ್ಬಿತು, ಇನ್ನೂ ಉಬ್ಬಿತು.

"ಅಯ್ಯೋ, ಒಡೆದು ಹೋಗ್ತೀಯೋ!" ಎಂದಳು ಸೆನೊವಾರ.

ಕೊಳದಲ್ಲಿ ಅಂಗೈಯಗಲ ನೀರು ಉಳಿದಿತ್ತು. ಮರಿಗಳು ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು. ತೇವಪ್ಪ ಅವುಗಳನ್ನು ನೋಡಿದ. ಬಾಯಿ ತೆರೆದ.

"ವಟರ್! ವಟರ್! ವಟರ್!"

ಖಾಲಿ ಬೀದಿಗಳೆಲ್ಲ ಮೊಳಗಿದವು. ಮೋಡ ಗಕ್ಕನೆ ನಿಂತಿತು.

"ಯಾರೋ ಅದು, ನನ್ನನ್ನೇ ಕೂಗಿ ನಿಲ್ಲಿಸೋನು?"

"ನಾನು, ತೇವಪ್ಪ. ಇಲ್ಲಿ ನೀರು ಬೇಕು. ಈಗಲೇ ಬೇಕು."

ಹೆಬ್ಬೆರಳುದ್ದದ ಜೀವದ ಈ ಗತ್ತು ಕಂಡು ಮೋಡಕ್ಕೆ ನಗು ಬಂತು. ನಕ್ಕು ನಕ್ಕು ಹೊಟ್ಟೆ ಕುಲುಕಿತು, ಮಳೆ ಸುರಿಯಿತು. ಕಮಾನು ಬೇಕಾಗಲಿಲ್ಲ, ಕಾಲುವೆ ಬೇಕಾಗಲಿಲ್ಲ. ಕೊಳ ತುಂಬಿತು. ಮರಿಗಳು ಬಾಲ ಬೀಸಿ ಈಜಿದವು.

ಸೆನೊವಾರ ಮನೆಯ ಮಡಕೆಗಳನ್ನೆಲ್ಲ ಅಂಗಳದಲ್ಲಿಟ್ಟು, "ಐಡಿಯಾ ಕೊಟ್ಟಿದ್ದು ನಾನೇ!" ಎಂದು ಬೀಗಿದಳು.

ಆ ಕಮಾನನ್ನು ಮತ್ತೆ ಯಾರೂ ಕಟ್ಟಲಿಲ್ಲ. ಜನ ಹೊಳೆದಂಡೆಗೆ ಹೋಗಿ ಹುಲ್ಲಿನ ಮನೆ ಹಾಕಿಕೊಂಡರು. ಪಟ್ಟಣವನ್ನು ಮುಳ್ಳುಪೊದೆ ಮುಚ್ಚಿತು. ತೇವಪ್ಪನ ದನಿ ಮಾತ್ರ ಮಕ್ಕಳಿಗೆ, ಮೊಮ್ಮಕ್ಕಳಿಗೆ ಬಂತು.

ಅದಕ್ಕೇ ಇವತ್ತಿಗೂ ಮೋಡ ಕವಿದ ಸಂಜೆ, ನಿಮ್ಮ ಮನೆ ಹಿಂದಿನ ಹೊಂಡದಲ್ಲಿ ಕಪ್ಪೆ ಗಂಟಲುಬ್ಬಿಸಿ ಕೂಗುತ್ತದೆ: ಮೋಡವೇ, ಇಲ್ಲಿ ನನ್ನ ಮರಿಗಳಿವೆ, ಒಂಚೂರು ನಿಂತು ಸುರಿದು ಹೋಗು!